ಸೇಫ್ಟಿಗೆ ಇನ್ನೊಂದು ಕಂಬಿ ಬೇಕಾ?

ಉಡುಪಿ ಕಡೆ ಮನೆ ಕಟ್ಟಿಸುವವರು ಬೀಮಿನ ಕಂಬಿ ಕಟ್ಟಿದ್ದು ನೋಡಿದ ಕೂಡಲೇ ಹೇಳುವ ಮಾತಿದು: "ಇನ್ನೊಂದು ಹಾಕುವ ಸರ್, ಸೇಫ್ಟಿಗೆ ಆಯ್ತಲ್ಲ." ಅವರ ಆತಂಕ ಅರ್ಥವಾಗುತ್ತದೆ. ಆದರೂ ನಾನು ಬೇಡ ಎನ್ನುತ್ತೇನೆ.

ಬೀಮು ಬಾಗುವಾಗ ಮೇಲ್ಭಾಗದ ಕಾಂಕ್ರೀಟು 0.35% ಕುಗ್ಗಿದರೆ ಪುಡಿಯಾಗುತ್ತದೆ ಎಂದು ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಲೆಕ್ಕ ಹಿಡಿಯುತ್ತದೆ. ಎಫ್‌ಇ 500ಡಿ ದರ್ಜೆಯ ಕಂಬಿಯೋ, ತುಂಡಾಗುವ ಮೊದಲು ಕನಿಷ್ಠ 16% ಉದ್ದವಾಗಬೇಕು. ಬೀಮಿಗೆ ಬಾಗಿಯೂ ಮುರಿಯದ ಗುಣ, ಅಂದರೆ ಡಕ್ಟಿಲಿಟಿ ಬರುವುದೇ ಈ ಕಂಬಿಯಿಂದ. ಭಾರ ಮಿತಿಮೀರಿದಾಗ ಕೆಳಗಿನ ಕಂಬಿ ಮೊದಲು ಸೋತರೆ ಬೀಮು ಜಗ್ಗುತ್ತದೆ, ಅಡಿಯಲ್ಲಿ ಬಿರುಕು ಬಾಯಿಬಿಡುತ್ತದೆ. ಒಳಗಿದ್ದವರು ಹೊರಗೆ ಬರಬಹುದು. ಕಂಬಿ ತೀರಾ ಜಾಸ್ತಿಯಾದರೆ ಅದು ಸೋಲುವುದೇ ಇಲ್ಲ. ಕಾಂಕ್ರೀಟೇ ಮೊದಲು ಸೋತು, ಸೂಚನೆ ಕೊಡದೆ ಒಡೆಯುತ್ತದೆ.

ಒಂದು ಲೆಕ್ಕ ನೋಡಿ. 230 × 450 ಮಿ.ಮೀ. ಬೀಮು, ಎಂ25 ದರ್ಜೆಯ ಕಾಂಕ್ರೀಟು, 500 ದರ್ಜೆಯ ಕಂಬಿ. ಮೇಲಿನ ಕಂಬಿಯ ನೆರವು ಹಿಡಿಯದಿದ್ದರೆ ಅಡಿಗೆ ಹಾಕಬಹುದಾದ ಮಿತಿ ಸುಮಾರು 885 ಚದರ ಮಿ.ಮೀ. 16 ಮಿ.ಮೀ.ಯ ನಾಲ್ಕು ಕಂಬಿ ಎಂದರೆ 804, ಸರಿ. ಐದನೆಯದು ಸೇರಿದರೆ 1005. ಮಿತಿ ದಾಟಿತು ಅಲ್ವಾ? ಅದೂ ಅಲ್ಲದೆ ಐದು ಕಂಬಿ ಒಂದೇ ಸಾಲಿನಲ್ಲಿ ಇಟ್ಟರೆ ನಡುವೆ 20 ಮಿ.ಮೀ. ಜಲ್ಲಿ ಇಳಿಯುವಷ್ಟೂ ಜಾಗ ಉಳಿಯುವುದಿಲ್ಲ. ಅಡಿಯಲ್ಲಿ ಟೊಳ್ಳು ಗ್ಯಾರಂಟಿ.

ಆ ದುಡ್ಡು ರಿಂಗಿಗೆ, ಅಂದರೆ ಉದ್ದ ಕಂಬಿಗಳನ್ನು ಸುತ್ತುವರಿದು ಕಟ್ಟುವ ಸಣ್ಣ ಕಂಬಿಗೆ ಹಾಕಿ. ಒತ್ತಾಗಿ ಕಟ್ಟಿದ ರಿಂಗು ಒಳಗಿನ ಕಾಂಕ್ರೀಟನ್ನು ಬಿಗಿಹಿಡಿಯುತ್ತದೆ, ಅದು ಹೆಚ್ಚು ಕುಗ್ಗಿಯೂ ತಾಳಿಕೊಳ್ಳುತ್ತದೆ. ಭೂಕಂಪದ ಮಾನದಂಡವಾದ 2016ರ ಐಎಸ್ 1893ರಲ್ಲಿ ಮಂಗಳೂರು 3ನೇ ವಲಯದಲ್ಲಿದೆ. ಭೂಕಂಪ ತಾಳುವಂತೆ ಕಂಬಿ ಕಟ್ಟುವ ಮಾನದಂಡ ಐಎಸ್ 13920ರ ಪ್ರಕಾರ ಕಂಬದ ಪಕ್ಕದಲ್ಲಿ ರಿಂಗುಗಳ ಅಂತರ 100 ಮಿ.ಮೀ. ಮೀರುವಂತಿಲ್ಲ, ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿರಬೇಕು. ಸೈಟಿನಲ್ಲಿ 90 ಡಿಗ್ರಿಗೇ ಬಿಟ್ಟಿರುತ್ತಾರೆ. ಹೊರಗಿನ ಕವರ್, ಅಂದರೆ ಕಂಬಿಯನ್ನು ಮುಚ್ಚಿದ ಕಾಂಕ್ರೀಟಿನ ಪದರ ಉದುರಿದರೆ ಅಂಥ ರಿಂಗು ಬಿಚ್ಚಿಕೊಳ್ಳುತ್ತದೆ. ಬಾರ್ ಬೆಂಡರ್‌ಗೆ ಇದನ್ನು ಮೊದಲ ದಿನವೇ ಹೇಳಬೇಕು, ಕಟ್ಟಿ ಮುಗಿದ ಮೇಲೆ ಯಾರೂ ಬಿಚ್ಚುವುದಿಲ್ಲ.

ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಇನ್ನೊಂದು ಚಿಂತೆ. ಉಪ್ಪು ಕಂಬಿಯನ್ನು ಅಲ್ಲಲ್ಲಿ ಗುಳಿಗುಳಿಯಾಗಿ ತಿನ್ನುತ್ತದೆ. ಅಂಥ ಕಂಬಿ ಎಳೆದಾಗ ಹಿಗ್ಗದೆ ಗುಳಿ ಬಿದ್ದಲ್ಲೇ ತುಂಡಾಗುತ್ತದೆ. ಕಡಲ ಗಾಳಿಗೆ ನೇರ ತೆರೆದ ಬೀಮಿಗೆ ಎಂ30 ಕಾಂಕ್ರೀಟು, 45 ಮಿ.ಮೀ. ಕವರ್ ಬೇಕು. ಆ ಅಂತರಕ್ಕೆ ಕಂಬಿಯಡಿ ಜಲ್ಲಿ ಚೂರು ಇಟ್ಟು ಸುಧಾರಿಸಲು ಬಿಡಬೇಡಿ, ಸರಿಯಾದ ಕವರ್ ಬ್ಲಾಕನ್ನೇ ಕೇಳಿ.