ಪರ್ಮಿಷನ್ ಇದ್ದರೂ ಪಕ್ಕದ ತೋಟದವರು ಕೇಸ್ ಹಾಕಬಹುದು

ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತು ಅಂದರೆ ನಮ್ಮ ಮಲೆನಾಡು, ಕೊಡಗಿನ ಕಡೆ ಆಟೋಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಗಾಡಿ ಓಡಿಸುವ ರೇಸ್, ಅದರ ಸೀಸನ್ ಶುರು. ಅದರ ಬೆನ್ನಿಗೇ ನನ್ನ ವಕೀಲಿ ಆಫೀಸಿಗೆ ಎರಡು ಥರದ ಜನ ಬರುತ್ತಾರೆ. ರೇಸ್ ಮಾಡಿಸುವ ಕ್ಲಬ್‌ನ ಹುಡುಗರು ಒಂದು ಕಡೆ, ರೇಸ್ ನಿಲ್ಲಿಸಿ ಅನ್ನುವ ಅಕ್ಕಪಕ್ಕದವರು ಇನ್ನೊಂದು ಕಡೆ. ಹೆಚ್ಚಿನ ಸಲ ಇಬ್ಬರೂ ಒಂದೇ ಊರಿನವರು, ಒಂದೇ ಜಾತ್ರೆಗೆ ಹೋಗುವವರು, ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವವರು. ಹಾಗಾಗಿಯೇ ಈ ಜಗಳ ನೋಡಿದರೆ ನನಗೆ ಬೇಜಾರು ಜಾಸ್ತಿ.

ಕ್ಲಬ್‌ನವರು ಕುರ್ಚಿಯಲ್ಲಿ ಕೂತ ತಕ್ಷಣ ಹೇಳುವ ಮಾತು ಪ್ರತಿ ವರ್ಷವೂ ಒಂದೇ. "ಸರ್, ನಮ್ಮ ಹತ್ರ ಎಲ್ಲ ಪರ್ಮಿಷನ್ ಇದೆ. ಅವರು ಅದು ಹೇಗೆ ಕೇಸ್ ಹಾಕ್ತಾರೆ?" ಹೇಳಿ ಫೈಲ್ ಬಿಚ್ಚುತ್ತಾರೆ. ಪಂಚಾಯಿತಿಯ ಎನ್‌ಒಸಿ, ಪೊಲೀಸ್ ಠಾಣೆಯ ಪತ್ರ, ದೇಶದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಎಂಎಸ್‌ಸಿಐನ ಪರ್ಮಿಟ್, ಆಂಬುಲೆನ್ಸ್‌ನವರ ರಸೀದಿ. ಇವೆಲ್ಲ ಬೇಕೇ ಬೇಕು, ಅದು ಎಲ್ಲರಿಗೂ ಗೊತ್ತು, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆಯುತ್ತಿರುವುದು ಆ "ಹೇಗೆ ಕೇಸ್ ಹಾಕ್ತಾರೆ" ಅನ್ನುವ ಪ್ರಶ್ನೆಗಾಗಿ.

ಪರ್ಮಿಷನ್ ಅನ್ನುವುದು ನಿಮಗೂ ಸರ್ಕಾರಕ್ಕೂ ನಡುವಿನ ವಿಷಯ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ನೋಡಿ. ಸಾರ್ವಜನಿಕ ಸ್ಥಳದಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡಿದರೆ ಶಿಕ್ಷೆ. ಒಪ್ಪಿಗೆ ಇದ್ದರೆ ಆ ಶಿಕ್ಷೆ ತಪ್ಪುತ್ತದೆ. ಅಷ್ಟೇ. ಪಕ್ಕದ ತೋಟದವರು ಆ ಪತ್ರಕ್ಕೆ ಸಹಿ ಹಾಕಿಲ್ಲ, ಅವರನ್ನು ಯಾರೂ ಕೇಳಿಯೂ ಇಲ್ಲ. ತಮ್ಮ ಮನೆಯಲ್ಲಿ ನೆಮ್ಮದಿಯಾಗಿ ಇರುವ ಹಕ್ಕು ಅವರದು. ಅದನ್ನು ಅವರ ಪರವಾಗಿ ನಿಮಗೆ ಬಿಟ್ಟುಕೊಡುವ ಅಧಿಕಾರ ಪಿಡಿಒಗೂ ಇಲ್ಲ, ಇನ್‌ಸ್ಪೆಕ್ಟರ್‌ಗೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಇದೆ ಅಂತ ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ಜೀಪು ನಿಲ್ಲಿಸಕ್ಕಾಗುತ್ತಾ? ಇದೂ ಹಾಗೇ.

ಇಷ್ಟು ಹೇಳಿದರೂ ನಂಬದವರಿಗೆ ನಾನು ಇಂಗ್ಲೆಂಡಿನ ಒಂದು ಕೇಸ್ ಹೇಳುತ್ತೇನೆ. ಸಫೋಕ್ ಸೀಮೆಯ ಮಿಲ್ಡನ್‌ಹಾಲ್ ಹತ್ತಿರ ಒಂದು ರೇಸ್ ಸ್ಟೇಡಿಯಂ. 1975ರಲ್ಲಿ ಪ್ಲಾನಿಂಗ್ ಪರ್ಮಿಷನ್ ಪಡೆದು ಕಟ್ಟಿದ್ದು. ಮೊದಲು ಸ್ಪೀಡ್‌ವೇ ಬೈಕ್, 1984ರಿಂದ ಸ್ಟಾಕ್ ಕಾರ್, 1992ರಲ್ಲಿ ಹಿಂಭಾಗದಲ್ಲಿ ಮೋಟೊಕ್ರಾಸ್ ಟ್ರ್ಯಾಕ್. ಎಲ್ಲಕ್ಕೂ ಕಾಗದ ಇತ್ತು. 2006ರಲ್ಲಿ ಒಂದು ಜೋಡಿ ಅಲ್ಲೇ ಹತ್ತಿರ ಬಂಗಲೆ ಕೊಂಡಿತು. ಸ್ಟೇಡಿಯಂನಿಂದ ಸುಮಾರು 560 ಮೀಟರ್, ಮೋಟೊಕ್ರಾಸ್ ಟ್ರ್ಯಾಕಿನಿಂದ 860 ಮೀಟರ್ ದೂರ. ಸದ್ದು ತಡೆಯಲಾಗದೆ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಸೋತರು, 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಗೆದ್ದರು. ನ್ಯಾಯಾಧೀಶರಾದ ಲಾರ್ಡ್ ನ್ಯೂಬರ್ಗರ್ ಹೇಳಿದ್ದರ ಸಾರ ಇಷ್ಟು: ಪ್ಲಾನಿಂಗ್ ಪರ್ಮಿಷನ್ ಸಿಕ್ಕಿತು ಅಂದ ಮಾತ್ರಕ್ಕೆ ನೆರೆಯವರ ನೆಮ್ಮದಿ ಕೆಡಿಸುವ ಹಕ್ಕು ಸಿಗುವುದಿಲ್ಲ. ಆದರೆ ಎಷ್ಟು ಗಂಟೆಗೆ, ಎಷ್ಟು ಸದ್ದು ಅಂತ ಆ ಪರ್ಮಿಷನ್ನಿನಲ್ಲಿ ಯೋಚನೆ ಮಾಡಿ ವಿವರವಾಗಿ ಬರೆದಿದ್ದರೆ ಕೋರ್ಟ್ ಅದನ್ನು ಗಮನಿಸಬಹುದು. ನಮ್ಮ ಕ್ಲಬ್‌ಗಳ ಪರ್ಮಿಷನ್ ಪತ್ರದಲ್ಲಿ ಅಂಥ ವಿವರ ನಾನಂತೂ ಕಂಡಿಲ್ಲ. "ಕಾನೂನು ಸುವ್ಯವಸ್ಥೆಗೆ ಧಕ್ಕೆ ಬಾರದಂತೆ" ಅನ್ನುವ ಒಂದು ಸಾಲು ಇರುತ್ತದೆ, ಮುಗೀತು.

"ಟ್ರ್ಯಾಕ್ ಮೊದಲು, ಮನೆ ಆಮೇಲೆ, ಗೊತ್ತಿದ್ದೇ ಬಂದರಲ್ಲ" ಅನ್ನುವ ವಾದವನ್ನೂ ಅಲ್ಲಿ ಕೋರ್ಟ್ ಒಪ್ಪಲಿಲ್ಲ. ಇದೇ ಮಟ್ಟದ ಕಿರಿಕಿರಿ 20 ವರ್ಷದಿಂದ ನಡೆದುಬಂದಿದೆ, ಹಾಗಾಗಿ ಅದು ನಮ್ಮ ಹಕ್ಕಾಗಿದೆ ಅನ್ನುವುದನ್ನೂ ಸ್ಟೇಡಿಯಂನವರು ಸಾಬೀತು ಮಾಡಲಾಗಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಖರ್ಚಿನ ಲೆಕ್ಕ. ಸದ್ದಿನಿಂದ ಆ ಬಂಗಲೆಯ ಬೆಲೆ ಇಳಿದದ್ದು ಹೆಚ್ಚೆಂದರೆ 74 ಸಾವಿರ ಪೌಂಡ್. ಗೆದ್ದವರ ಕಡೆಯ ವಕೀಲರ ಫೀಸು, ಗೆದ್ದರೆ ಅವರಿಗೆ ಸಿಗುವ ಬೋನಸ್, ಸೋತರೆ ಖರ್ಚು ಭರಿಸುವ ವಿಮೆಯ ಕಂತು ಎಲ್ಲ ಸೇರಿ ಮೊದಲ ಕೋರ್ಟಿನ ಖರ್ಚೇ 10 ಲಕ್ಷ ಪೌಂಡ್ ದಾಟಿತು. ಅದರ ಶೇ 60 ಸೋತವರ ತಲೆಗೆ. ಕೇಸ್ ಇನ್ನೂ ನಡೆಯುತ್ತಿರುವಾಗಲೇ, 2010ರಲ್ಲಿ, ಬೆಂಕಿ ಬಿದ್ದು ಆ ಮನೆ ವಾಸಕ್ಕೆ ಇಲ್ಲದಂತಾಗಿತ್ತು. ಆದರೂ ಕೇಸ್ ನಿಲ್ಲಲಿಲ್ಲ.

ಇಂಗ್ಲೆಂಡಿನ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಆದರೆ ನ್ಯೂಸೆನ್ಸ್ ಕಾನೂನು, ಅಂದರೆ ನೆರೆಯವರ ನೆಮ್ಮದಿ ಕೆಡಿಸುವ ಕಿರಿಕಿರಿಯ ಕಾನೂನು, ನಮಗೆ ಬಂದದ್ದು ಆ ದಾರಿಯಲ್ಲೇ. ವಾದ ಮಾಡುವಾಗ ಇಂಥ ತೀರ್ಪುಗಳನ್ನು ಮುಂದಿಡುತ್ತೇವೆ. ಅದಲ್ಲದೆ ನಮ್ಮಲ್ಲಿ ಇನ್ನೊಂದು ಬಾಗಿಲಿದೆ. ಇಡೀ ಊರಿಗೇ ತೊಂದರೆ ಅಂತ ದೂರು ಹೋದರೆ ಹೊಸ ದಂಡ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 152ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿ 133, ಅದರ ಕೆಳಗೆ ಎಸಿ (ಉಪವಿಭಾಗಾಧಿಕಾರಿ) ಸಾಹೇಬರೇ ಆದೇಶ ಮಾಡಬಹುದು.

ಒಂದು ಜಗಳದ ಬಗ್ಗೆ ಹೇಳುತ್ತೇನೆ, ಊರು ಬೇಡ. ಗದ್ದೆಯಲ್ಲಿ ಟ್ರ್ಯಾಕ್, ಗದ್ದೆಯ ಮೇಲಿನ ದಿಬ್ಬದಲ್ಲಿ ಒಬ್ಬ ಗೌಡರ ಕಾಫಿ ಕಣ. ಕೊಯ್ಲಿನ ಸಮಯ, ಕಣದ ತುಂಬ ರೊಬಸ್ಟಾ ಹರಡಿತ್ತು. ಸೈಲೆನ್ಸರ್ ಬಿಚ್ಚಿದ ಜಿಪ್ಸಿಗಳು ಎರಡು ದಿನ ಸುತ್ತಿದವು, ಗಾಳಿ ದಿಬ್ಬದ ಕಡೆಗೇ ಬೀಸುತ್ತಿತ್ತು. ಗೌಡರು ಆ ಕಾಫಿಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು. ಕೈಯಲ್ಲಿ ಉಜ್ಜಿದರೆ ಬೆರಳಿಗೆಲ್ಲ ಕೆಂಪು ಧೂಳು. ಜೊತೆಗೆ ಮೊಮ್ಮಗಳ ಹಳೇ ನೋಟ್‌ಬುಕ್. ಅದರಲ್ಲಿ ತಾರೀಖು, ಸದ್ದು ಶುರುವಾದ ಹೊತ್ತು, ನಿಂತ ಹೊತ್ತು, ಯಾರಿಗೆ ಫೋನ್ ಮಾಡಿದೆ ಅನ್ನುವುದು. ಅಧ್ಯಕ್ಷರ ಫೋನ್ ಸ್ವಿಚ್ ಆಫ್. ಕಾರ್ಯದರ್ಶಿ "ಖಜಾಂಚಿಯನ್ನ ಕೇಳಿ" ಅಂದಿದ್ದ. ಖಜಾಂಚಿ ಬೆಂಗಳೂರಿನಲ್ಲಿ. "ಒಬ್ಬ ಹುಡುಗ ಬಂದು, ಗೌಡ್ರೇ ತಪ್ಪಾಯ್ತು, ನೀರು ಹೊಡಿಸ್ತೀವಿ ಅಂದಿದ್ರೆ ನಾನು ನಿಮ್ಮ ಹತ್ರ ಬರ್ತಾನೇ ಇರ್ಲಿಲ್ಲ" ಅಂದರು.

ನಾನು ಕಂಡ ಮಟ್ಟಿಗೆ ಇಂಥ ಜಗಳಗಳ ಬುಡ ಕ್ಲಬ್‌ನ ಆಡಳಿತದಲ್ಲೇ ಇರುತ್ತದೆ. ರೇಸ್ ದಿನ ದೂರು ಕೇಳುವವರು ಯಾರು ಅಂತಲೇ ತೀರ್ಮಾನ ಆಗಿರುವುದಿಲ್ಲ. ಹುಡುಗರು ಕೆಟ್ಟವರಲ್ಲ. ರಾತ್ರಿಯೆಲ್ಲ ಕೂತು ಟ್ರ್ಯಾಕಿಗೆ ಟೇಪ್ ಕಟ್ಟುತ್ತಾರೆ, ಕೈಯಿಂದ ದುಡ್ಡು ಹಾಕುತ್ತಾರೆ, ಗಾಡಿ ಅಂದರೆ ಪ್ರಾಣ. ಆದರೆ ಪಕ್ಕದ ಮನೆಯ ಬಾಗಿಲಿಗೆ ಹೋಗಿ ಹತ್ತು ನಿಮಿಷ ಕೂರಲು ಅವರಿಗೆ ಪುರುಸೊತ್ತು ಇರುವುದಿಲ್ಲ.

ಗೌಡರ ಕೇಸ್ ಕೋರ್ಟಿಗೆ ಹೋಗಲಿಲ್ಲ, ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡರು. ವರ್ಷಕ್ಕೆ ಎರಡೇ ವಾರಾಂತ್ಯ, ಅದೂ ಕಣ ಖಾಲಿಯಾದ ಮೇಲೆ. ಬೆಳಗ್ಗೆ 9ರಿಂದ ಸಂಜೆ 5. ರೇಸಿನ ಪ್ರತಿ ಹೀಟ್‌ಗೆ (ಸುತ್ತಿಗೆ) ಮುಂಚೆ ಟ್ಯಾಂಕರ್ ನೀರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿನಲ್ಲಿ ಪ್ರಾಕ್ಟೀಸ್ ಕೂಡ ಇಲ್ಲ. ದೂರು ಕೇಳಲು ಹೆಸರು ಹೇಳಿ ಒಬ್ಬ, ಅವನ ಫೋನ್ ರೇಸಿನ ದಿನಗಳಲ್ಲಿ ಆನ್ ಇರಬೇಕು. ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿದರು. ಗೌಡರಿಗೆ ರೇಸ್ ಇವತ್ತಿಗೂ ಇಷ್ಟ ಇಲ್ಲ, ಆದರೆ ಸುಮ್ಮನಿದ್ದಾರೆ. ಇಂಗ್ಲೆಂಡಿನದೇ ಕ್ರಾಫ್ಟ್ ಸರ್ಕ್ಯೂಟ್ ಅನ್ನುವ ಇನ್ನೊಂದು ರೇಸ್ ಟ್ರ್ಯಾಕಿನ ಕೇಸಿನಲ್ಲಿ ಮೇಲ್ಮನವಿ ಕೋರ್ಟ್ 2009ರಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಜಾಸ್ತಿ ಸದ್ದಿನ ದಿನಗಳನ್ನು ವರ್ಷಕ್ಕೆ 40ಕ್ಕೆ ನಿಲ್ಲಿಸಿತು. ಅಲ್ಲಿ ಕೋರ್ಟ್ ಹಾಕಿಕೊಟ್ಟ ಕ್ಯಾಲೆಂಡರನ್ನು ಇಲ್ಲಿ ಇವರಿಬ್ಬರೇ ಕೂತು ಹಾಕಿಕೊಂಡರು.

ಗದ್ದೆ ಬಾಡಿಗೆಗೆ ಕೊಟ್ಟವರೂ ಕೇಳುತ್ತಾರೆ, "ನಮ್ಮ ಮೇಲೂ ಬರುತ್ತಾ?" ಅಂತ. ಮಿಲ್ಡನ್‌ಹಾಲ್‌ನಲ್ಲಿ ಜಾಗದ ಮಾಲೀಕರು ಬಚಾವಾದರು, ಜಾಗ ಕೊಟ್ಟರು ಅನ್ನುವುದೊಂದೇ ಸಾಲದು ಅಂತ ಕೋರ್ಟ್ ಹೇಳಿತು, ಅದೂ ಐವರಲ್ಲಿ ಮೂವರ ಅಭಿಪ್ರಾಯ. ಆದರೆ ನೀವೇ ಮೈಕ್ ಹಿಡಿದು, ಗೇಟಿನಲ್ಲಿ ಟಿಕೆಟ್ ಹರಿದರೆ ವಿಷಯ ಬೇರೆಯಾಗಬಹುದು. ನಿಮ್ಮ ಕಾಗದ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಕೊನೆಗೆ ಶುಕ್ರವಾರದವರು. ಶನಿವಾರ ರೇಸ್, ಶುಕ್ರವಾರ ಸಂಜೆ ಓಡಿಬಂದು "ಸ್ಟೇ ತರ್ತಾರಂತೆ, ಕೇವಿಯಟ್ ಹಾಕಿ ಸರ್" ಅನ್ನುತ್ತಾರೆ. ಕೇವಿಯಟ್ ಹಾಕಿದರೆ ನಿಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಅಂತ ಕೋರ್ಟಿಗೆ ಹೇಳಿದ ಹಾಗೆ, ಅದು 90 ದಿನ ಇರುತ್ತದೆ. ಸ್ಟೇ ಬರುವುದೇ ಇಲ್ಲ ಅಂತ ಅದರ ಅರ್ಥವಲ್ಲ. ಆ ಹೊತ್ತಿಗೆ ಎಂಟ್ರಿ ಫೀಸು ತಗೊಂಡಾಗಿದೆ, ಟ್ರೋಫಿ ಬಂದಾಗಿದೆ, ಬೇರೆ ಜಿಲ್ಲೆಯ ಡ್ರೈವರ್‌ಗಳು ಲಾಡ್ಜ್ ಸೇರಿದ್ದಾರೆ. ನನ್ನ ಹತ್ತಿರ ಬರುವುದಿದ್ದರೆ ಪೋಸ್ಟರ್ ಅಚ್ಚಿಗೆ ಹೋಗುವ ಮೊದಲೇ ಬನ್ನಿ. ಬರುವಾಗ ಟ್ರ್ಯಾಕಿನ ಸುತ್ತ ಯಾರ್ಯಾರ ಮನೆ, ಕಣ, ಕೊಟ್ಟಿಗೆ ಇದೆ ಅಂತ ಒಂದು ಹಾಳೆಯಲ್ಲಿ ಬರೆದು ತನ್ನಿ.