ಗುಣಿಸುವ ಮುಂಚೆ ಕಳೆಯಿರಿ

ಬೀದರ್, ಕಲಬುರಗಿ ಕಡೆಯ ಪ್ರವಾಸೋದ್ಯಮ ಯೋಜನಾ ವರದಿಗಳನ್ನು ಬಿಚ್ಚಿದರೆ ಸಾಮಾನ್ಯವಾಗಿ ಒಂದು ಸಾಲು ಸಿಕ್ಕೇ ಸಿಗುತ್ತದೆ: ಇಷ್ಟು ಲಕ್ಷ ಜನ ಬರುತ್ತಾರೆ, ತಲಾ ಸಾವಿರ ರೂಪಾಯಿ ಖರ್ಚು ಮಾಡುತ್ತಾರೆ, ಅಂದಮೇಲೆ ಆರ್ಥಿಕತೆಗೆ ಇಷ್ಟು ಕೋಟಿ. ಗುಣಾಕಾರ ಸರಿಯಾಗಿಯೇ ಇರುತ್ತದೆ. ಗುಣಿಸಿದ ಎರಡು ಸಂಖ್ಯೆಗಳೇ ದಾರಿ ತಪ್ಪಿರುತ್ತವೆ.

ಮೊದಲು ತಲೆ ಎಣಿಕೆ. ಒಂದು ಬಸ್ಸಿನ 40 ಮಂದಿ ಬೆಳಿಗ್ಗೆ ಬೀದರ್ ಕೋಟೆ, ಆಮೇಲೆ ಗವಾನ್ ಮದರಸಾ, ಮಧ್ಯಾಹ್ನ ನಾನಕ್ ಝೀರಾ ಗುರುದ್ವಾರ, ಸಂಜೆ ಅಷ್ಟೂರಿನ ಗುಂಬಜ್ ನೋಡಿ ಹೈದರಾಬಾದಿಗೆ ಮರಳುತ್ತಾರೆ. ನಾಲ್ಕೂ ಕಡೆಯ ಎಣಿಕೆ ಕೂಡಿಸಿದರೆ 160. ಬಂದವರು 40, ತಂಗಿದವರು ಸೊನ್ನೆ. ಕನಿಷ್ಠ ಒಂದು ರಾತ್ರಿ ತಂಗಿದವರನ್ನಷ್ಟೇ ಪ್ರವಾಸಿಗರೆಂದು ಹಿಡಿಯುವುದು ವಿಶ್ವಸಂಸ್ಥೆಯ ಅಂಕಿಅಂಶ ಪದ್ಧತಿ. ಅದೇ ದಿನ ಮರಳುವವರ ಖರ್ಚೂ ಲೆಕ್ಕಕ್ಕುಂಟು, ಆದರೆ ಬೇರೆ ಸಾಲಿನಲ್ಲಿ. ಗುರುದ್ವಾರದಲ್ಲೇ ಉಳಿದು ಲಂಗರ್‌ನಲ್ಲಿ ಉಚಿತವಾಗಿ ಉಂಡವರನ್ನು ಹೋಟೆಲ್ ಗಿರಾಕಿಗಳ ಸಾಲಿಗೆ ಸೇರಿಸಬೇಡಿ. ಶರಣಬಸವೇಶ್ವರ ಜಾತ್ರೆಗೆ ಕಲಬುರಗಿ ನಗರದವರೇ ಬಂದರೆ ಅವರು ಪ್ರವಾಸಿಗರಲ್ಲ. ಬಜಾರಿನಲ್ಲಿ ಆಗಬೇಕಿದ್ದ ಖರ್ಚು ಜಾತ್ರೆಯಲ್ಲಿ ಆಗಿದೆ, ಅಷ್ಟೆ.

ಇನ್ನು ಎರಡನೆಯದು, ಎಷ್ಟು ಸಲ ಹೇಳಿದರೂ ತಲೆಗೆ ಹೋಗದ್ದು. ಖರ್ಚಾದ ಹಣವೆಲ್ಲ ಜಿಡಿಪಿ ಅಲ್ಲ. ಮಾರಿದ ಬೆಲೆಯಿಂದ, ಬೇರೆಯವರಿಂದ ಕೊಂಡು ಬಳಸಿದ ಸಾಮಗ್ರಿ ಮತ್ತು ಸೇವೆಗಳ ಬೆಲೆ ಕಳೆದು ಉಳಿಯುವುದೇ ಮೌಲ್ಯವರ್ಧನೆ. ಕೂಲಿ, ಬಡ್ಡಿ, ಸವಕಳಿ, ಲಾಭ ಎಲ್ಲ ಅದರೊಳಗೇ ಇವೆ. ಜಿಡಿಪಿಗೆ ಸೇರುವುದು ಅಷ್ಟೇ.

ಒಂದು ಬಿದ್ರಿ ಸುರಾಹಿ (ಬೀದರಿನ ಲೋಹ ಕರಕುಶಲದ ಹೂಜಿ) ತೆಗೆದುಕೊಳ್ಳಿ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯಬೇಕು, ಅರದಿಂದ ಉಜ್ಜಬೇಕು, ಉಳಿಯಿಂದ ಚಿತ್ತಾರ ಕೊರೆದು ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಬೇಕು, ಕೊನೆಗೆ ನವಸಾಗರ ಬೆರೆಸಿದ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಬೇಕು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಂಗಡಿ ಬೆಲೆ 5,000 ರೂಪಾಯಿ, ಲೋಹಕ್ಕೆ 2,000, ಇದ್ದಿಲು, ರಾಸಾಯನಿಕ, ಪ್ಯಾಕಿಂಗ್‌ಗೆ 300 ಎಂದು ಹಿಡಿಯೋಣ (ಲೆಕ್ಕದ ಅನುಕೂಲಕ್ಕಷ್ಟೇ, ದರ ಪಟ್ಟಿ ಎಂದುಕೊಳ್ಳಬೇಡಿ). ಉಳಿದದ್ದು 2,700. ಕಾರ್ಖಾನೆಯಲ್ಲೇ ಗಿರಾಕಿಗೆ ಮಾರಿದರೆ ಅಷ್ಟೂ ಬೀದರಿನದು. ಬೆಂಗಳೂರಿನ ಮಳಿಗೆ 3,500ಕ್ಕೆ ಕೊಂಡು 5,000ಕ್ಕೆ ಮಾರಿದರೆ ದೇಶಕ್ಕೆ ಅದೇ 2,700, ಬೀದರಿಗೆ ಮಾತ್ರ 1,200. ವರದಿಯಲ್ಲಿ ಬರೆಯುವುದು 5,000! ಸತುವಿನ ಮೌಲ್ಯ ಬಹುತೇಕ ರಾಜಸ್ಥಾನದ ಗಣಿಗಳ ಲೆಕ್ಕದಲ್ಲಿ ಆಗಲೇ ಬಿದ್ದಿರುತ್ತದೆ. ಇಲ್ಲಿ ಮತ್ತೆ ಬರೆದರೆ ಅದೇ ರೂಪಾಯಿ ಎರಡು ಸಲ.

ರಾಷ್ಟ್ರೀಯ ಲೆಕ್ಕದಲ್ಲಿ ಪ್ರವಾಸೋದ್ಯಮಕ್ಕೆ ಸ್ವಂತ ಖಾನೆಯೇ ಇಲ್ಲ. ಹೋಟೆಲ್, ರೈಲು, ಬಸ್, ಕರಕುಶಲ, ಹೀಗೆ ಹಲವು ಕಡೆಯಿಂದ ಪ್ರವಾಸಿಗರ ಪಾಲನ್ನು ಹೆಕ್ಕಿ ತೆಗೆಯಲು ‘ಪ್ರವಾಸೋದ್ಯಮ ಉಪಗ್ರಹ ಖಾತೆ’ ಬೇಕಾಗುತ್ತದೆ. ಭಾರತ ಇದನ್ನು 2002-03, 2009-10 ಮತ್ತು 2015-16ರ ವರ್ಷಗಳಿಗೆ ತಯಾರಿಸಿದೆ. 2015-16ರಲ್ಲಿ ನೇರ, ಪರೋಕ್ಷ ಎರಡೂ ಸೇರಿ ಜಿಡಿಪಿಯ ಶೇ 5ರ ಆಸುಪಾಸು. ಜರ್ಮನಿಯವನೊಬ್ಬ ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದರೆ ಅದು ರಫ್ತು. ಹೈದರಾಬಾದಿನವರು ಕುಡಿದರೆ ಬೀದರಿಗೆ ಹೊಸ ದುಡ್ಡು, ದೇಶಕ್ಕೆ ಹೊಸದೇ ಆಗಬೇಕೆಂದಿಲ್ಲ. ಇಲ್ಲಿಗೆ ಬರದಿದ್ದರೆ ಅದು ಹೈದರಾಬಾದಿನಲ್ಲೇ ಖರ್ಚಾಗುತ್ತಿತ್ತೇನೋ. ಹಾಗಾಗಿ ಜಿಲ್ಲೆಯ ಅಂಕಿಯನ್ನು ದೇಶದ್ದೆಂದು ತೋರಿಸಬೇಡಿ.

ಇಷ್ಟಾದ ಮೇಲೂ ಕೆಲವರು ಎಲ್ಲಿಂದಲೋ ಒಂದು ಗುಣಕ (ಖರ್ಚಾದ ಹಣ ಕೈಯಿಂದ ಕೈಗೆ ಹೋಗಿ ಒಟ್ಟು ಎಷ್ಟು ಪಟ್ಟು ಆದಾಯವಾಗುತ್ತದೆ ಎಂಬ ಅಂಕಿ) ತಂದು ಮೊತ್ತವನ್ನು ಮೂರರಿಂದ ಗುಣಿಸುತ್ತಾರೆ. ಕೈಸೇರಿದ ಪ್ರತಿ ರೂಪಾಯಿಯಲ್ಲಿ 40 ಪೈಸೆ ಜಿಲ್ಲೆಯೊಳಗೇ ಮತ್ತೆ ಆದಾಯವಾದರೆ ಗುಣಕ ಒಂದನ್ನು 0.6ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.67. ಇಪ್ಪತ್ತೇ ಪೈಸೆಯಾದರೆ 1.25. ಹಾಸುಬಟ್ಟೆಯಿಂದ ಹಿಡಿದು ಅಡುಗೆ ಯಂತ್ರದವರೆಗೆ ಹೊರಗಿಂದ ತರಿಸುವ ಜಿಲ್ಲೆಯಲ್ಲಿ ಮೂರು ಬರುವುದು ನನಗಂತೂ ಕಷ್ಟವೆನಿಸುತ್ತದೆ. ಸುಸಲಾ-ಮಿರ್ಚಿ ಗಾಡಿಯ ಐವತ್ತು ರೂಪಾಯಿಯಲ್ಲಿ ಇಲ್ಲಿ ಉಳಿಯುವ ಪಾಲು ದೊಡ್ಡ ಹೋಟೆಲಿನದಕ್ಕಿಂತ ಹೆಚ್ಚಿರಬಹುದು.

ಲಾಡ್ಜ್ ಕಟ್ಟುವವರು ಭೇಟಿಗಾರರ ಸಂಖ್ಯೆ ಬಿಟ್ಟು ಕೋಣೆ-ರಾತ್ರಿ (ಒಂದು ಕೋಣೆ, ಒಂದು ರಾತ್ರಿ) ಎಣಿಸಿ. 30 ಕೋಣೆಗೆ ವರ್ಷಕ್ಕೆ 10,950. ಶೇ 40 ತುಂಬಿದರೆ 4,380. ಕಲಬುರಗಿಯ ಏಪ್ರಿಲ್-ಮೇ ಬಿಸಿಲಿಗೂ ಡಿಸೆಂಬರಿಗೂ ಒಂದೇ ಸರಾಸರಿ ಹಾಕಬೇಡಿ, ತಿಂಗಳವಾರು ತೋರಿಸಿ. ಆನ್‌ಲೈನ್ ಬುಕಿಂಗ್ ಕಮಿಷನ್ ಮೊದಲೇ ಕಳೆಯಿರಿ. ಮದುವೆ ಬುಕಿಂಗನ್ನು ಮಾತ್ರ ಹೊರಗಿಡಬೇಡಿ: ಸೋಲಾಪುರದಿಂದ ಬಂದು ಎರಡು ರಾತ್ರಿ ತಂಗುವ ಬೀಗರೂ ಲೆಕ್ಕದ ಪ್ರಕಾರ ಪ್ರವಾಸಿಗರೇ.