ರಾತ್ರಿಯಿಡೀ ಬಂದದ್ದು ಲಾಗಿನ್ ಪುಟ

ಬೆಳಿಗ್ಗೆ ಎದ್ದು ಫೋಲ್ಡರ್ ತೆರೆದೆ. ಮೂರು ಸಾವಿರ ಫೈಲುಗಳು ಬಂದು ಕೂತಿದ್ದವು. ಖುಷಿಯಾಯಿತು. ಆಮೇಲೆ ಗಾತ್ರದ ಕಡೆ ಕಣ್ಣು ಹೋಯಿತು. ಮೊದಲ ಏಳುನೂರು ಚಿಲ್ಲರೆ ಫೈಲುಗಳದ್ದು ಒಂದೊಂದಕ್ಕೆ ಒಂದೊಂದು ಗಾತ್ರ. ಅಲ್ಲಿಂದ ಮುಂದೆ ಎಲ್ಲವೂ 11 ಕೆಬಿ. ಒಂದನ್ನು ತೆರೆದು ನೋಡಿದರೆ ಅದರಲ್ಲಿ ಅಡಿಕೆ ಧಾರಣೆ ಇರಲೇ ಇಲ್ಲ. ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಎರಡು ಖಾಲಿ ಚೌಕಗಳಿದ್ದವು.

ಊರಿನ ಕೆಲವು ಬೆಳೆಗಾರರಿಗೆ ಹಳೇ ವರ್ಷಗಳ ಧಾರಣೆಯನ್ನು ಒಂದೆಡೆ ಸೇರಿಸಿ ಕೊಡಬೇಕಿತ್ತು. ಧಾರಣೆ ಹಾಕುವ ತಾಣದಲ್ಲಿ ಅದು ದಿನಕ್ಕೊಂದು ಪುಟ. ತಾಣದವರನ್ನು ಕೇಳಿ ಒಪ್ಪಿಗೆ ಪಡೆದಿದ್ದೆ, ಖಾತೆಯೂ ನನ್ನದೇ. ಒಂದೊಂದೇ ಪುಟ ತೆರೆದು ಅಲ್ಲಿರುವುದನ್ನು ಬರೆದುಕೊಳ್ಳುವ ಕೆಲಸವನ್ನು ಪ್ರೋಗ್ರಾಮಿಗೆ ಒಪ್ಪಿಸುವುದಕ್ಕೆ ವೆಬ್ ಸ್ಕ್ರೇಪಿಂಗ್ ಅನ್ನುತ್ತಾರೆ. ಐದು ಸೆಕೆಂಡಿಗೆ ಒಂದು ಪುಟದಂತೆ ಸಂಜೆ ಹತ್ತು ನಿಮಿಷ ಓಡಿಸಿ ನೋಡಿದ್ದೆ. ಎಲ್ಲ ಸರಿಯಿತ್ತು. ರಾತ್ರಿ ಓಡಲು ಬಿಟ್ಟು ಮಲಗಿದೆ. ಏಳುನೂರ ಇಪ್ಪತ್ತು ಪುಟ ಅಂದರೆ ಲೆಕ್ಕಕ್ಕೆ ಸರಿಯಾಗಿ ಒಂದು ಗಂಟೆ. ಆ ಹೊತ್ತಿಗೆ ನನ್ನ ಲಾಗಿನ್ ಅವಧಿ ಮುಗಿದಿತ್ತು. ಪ್ರೋಗ್ರಾಮಿಗೆ ಅದು ಗೊತ್ತೇ ಆಗಲಿಲ್ಲ.

ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಜಾಗವನ್ನು ನೆನಪಿಸಿಕೊಳ್ಳಿ. ಅಲ್ಲಿರುವವರು ನಿಮ್ಮ ಮುಖ ನೆನಪಿಟ್ಟುಕೊಳ್ಳುವುದಿಲ್ಲ. ಒಂದು ಟೋಕನ್ ಕೊಡುತ್ತಾರೆ. ಟೋಕನ್ ತೋರಿಸಿದರೆ ಚಪ್ಪಲಿ. ವೆಬ್ ಸರ್ವರ್ ಕೂಡ ಹಾಗೆಯೇ. ಎಚ್‌ಟಿಟಿಪಿ ಎಂಬ ಅದರ ಮಾತಿನ ಕ್ರಮಕ್ಕೆ ನೆನಪು ಅನ್ನುವುದೇ ಇಲ್ಲ. ನೀವು ಕೇಳುವ ಪ್ರತಿಯೊಂದು ಪುಟವೂ ಅದಕ್ಕೆ ಹೊಸಬರು ಬಂದು ಕೇಳಿದ ಹಾಗೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಸರ್ವರ್ ಒಂದು ಚಿಕ್ಕ ಚೀಟಿ ಕೊಡುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ಅದೇ ಕುಕೀ. ನಾವು ಲಾಗಿನ್ ಆದಾಗ ಸಿಗುವುದು ಇಂಥದ್ದೇ ಒಂದು ಚೀಟಿ. ಅದು ನಡೆಯುವಷ್ಟು ಹೊತ್ತು ನಮ್ಮ ಸೆಷನ್.

ಚೀಟಿಗೆ ವಾಯಿದೆ ಇರಲೇಬೇಕು. ಇಲ್ಲದಿದ್ದರೆ ಸೈಬರ್ ಕೆಫೆಯಲ್ಲಿ ಲಾಗ್‌ಔಟ್ ಮಾಡಲು ಮರೆತವರ ಖಾತೆ ಎಂದೆಂದಿಗೂ ತೆರೆದೇ ಇರುತ್ತದೆ. ವಾಯಿದೆಯಲ್ಲಿ ಎರಡು ಬಗೆ. ಒಂದು, ಸುಮ್ನೆ ಕೂತಿದ್ದರೆ ಮುಗಿಯುವುದು. ಟಾಮ್‌ಕ್ಯಾಟ್ ಸರ್ವರಿನಲ್ಲಿ ನಾವೇನೂ ಬದಲಾಯಿಸದಿದ್ದರೆ ಅದು 30 ನಿಮಿಷ, ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಕಟ್ಟಿದ ತಾಣಗಳಲ್ಲಿ 20 ನಿಮಿಷ. ಇನ್ನೊಂದು, ನೀವು ಎಷ್ಟೇ ಚುರುಕಾಗಿದ್ದರೂ ಇಷ್ಟು ಹೊತ್ತಾದ ಮೇಲೆ ಮುಗಿದೇ ಹೋಗುವುದು. ಐದು ಸೆಕೆಂಡಿಗೊಮ್ಮೆ ಪುಟ ಕೇಳುವ ಪ್ರೋಗ್ರಾಮ್ ಮೊದಲನೆಯದಕ್ಕೆ ಸಿಕ್ಕಿಬೀಳುವುದಿಲ್ಲ. ಎರಡನೆಯದು ಬಿಡುವುದಿಲ್ಲ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಅದು ಕಾಣುವುದೂ ಇಲ್ಲ.

ಸರಿ, ಚೀಟಿ ಹಳತಾದರೆ ಸರ್ವರ್ ಹೇಳಬೇಕಲ್ವಾ? ನಿಯಮದ ಪ್ರಕಾರ ಅದಕ್ಕೊಂದು ಸಂಖ್ಯೆ ಇದೆ, 401. ‘ನೀವು ಯಾರೆಂದು ಮೊದಲು ತಿಳಿಸಿ’ ಎಂಬ ಅರ್ಥ. ಆದರೆ ಮನುಷ್ಯರಿಗಾಗಿ ಮಾಡಿದ ಎಷ್ಟೋ ತಾಣಗಳು ಹಾಗೆ ಮಾಡುವುದಿಲ್ಲ. 302 ಎಂದು ಹೇಳಿ ಲಾಗಿನ್ ಪುಟದ ಕಡೆಗೆ ಕಳಿಸುತ್ತವೆ. ಪೈಥಾನ್ ಭಾಷೆಯಲ್ಲಿ ಪುಟ ತರಲು ಬಳಸುವ ರಿಕ್ವೆಸ್ಟ್ಸ್ ಲೈಬ್ರರಿ ಆ ದಾರಿಯನ್ನು ತಾನಾಗಿಯೇ ಹಿಡಿದು ಹೋಗುತ್ತದೆ. ಲಾಗಿನ್ ಪುಟ ಚೆನ್ನಾಗಿಯೇ ತೆರೆಯುತ್ತದೆ. ಕೊನೆಗೆ ನಮ್ಮ ಕೈಗೆ ಬರುವ ಸಂಖ್ಯೆ 200, ಅಂದರೆ ಎಲ್ಲ ಸರಿ. ನನ್ನ ಪ್ರೋಗ್ರಾಮ್ ನೋಡುತ್ತಿದ್ದದ್ದು ಅದೊಂದನ್ನೇ.

ಹಾಗಾಗಿ ಮೊದಲು ಸೆಷನ್ ಸತ್ತಿದೆ ಅಂತ ಗುರುತಿಸಬೇಕು. ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ ಅನ್ನುವುದು ನನ್ನ ಅನುಭವ. ಕೊನೆಗೆ ತಲುಪಿದ ವಿಳಾಸ ನಾವು ಕೇಳಿದ್ದೇನಾ ಎಂದು ನೋಡುವುದು ಸುಲಭ. ಪುಟದೊಳಗೂ ಒಂದು ಗುರುತು ಬೇಕು. ನಾನು ಮೊದಲು ಧಾರಣೆಯ ಪಟ್ಟಿಯನ್ನೇ ಗುರುತಾಗಿ ಹಿಡಿದೆ. ಪಟ್ಟಿ ಇಲ್ಲದಿದ್ದರೆ ಸೆಷನ್ ಮುಗಿದಿದೆ ಎಂದು ಬರೆದೆ. ಮಾರುಕಟ್ಟೆಗೆ ರಜೆ ಇದ್ದ ದಿನದ ಪುಟ ಬಂದಾಗ ಅದು ತಪ್ಪಿತು. ಅಂದು ಪಟ್ಟಿಯೇ ಇರುವುದಿಲ್ಲ. ಪ್ರೋಗ್ರಾಮ್ ಸುಮ್ನೆ ಮತ್ತೆ ಮತ್ತೆ ಲಾಗಿನ್ ಆಗತೊಡಗಿತು. ಆಮೇಲೆ ಹೊಳೆಯಿತು. ಮೂಲೆಯಲ್ಲಿರುವ ‘ಲಾಗ್‌ಔಟ್’ ಕೊಂಡಿಯನ್ನು ನೋಡಿದರೆ ಸಾಕು. ಒಳಗಿದ್ದರೆ ಮಾತ್ರ ಅದು ಕಾಣುತ್ತದೆ, ರಜೆ ಇದ್ದರೂ ಇರುತ್ತದೆ.

ಗುರುತು ಸಿಕ್ಕ ಮೇಲೆ ಮರುಪ್ರಯತ್ನ. ಇಲ್ಲಿ ಎಲ್ಲ ಸೋಲುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನೆಟ್‌ವರ್ಕ್ ಹೋಗಿದ್ದರೆ ಸ್ವಲ್ಪ ಕಾದು ಅದೇ ಕೋರಿಕೆ ಕಳಿಸಿದರೆ ಆಯಿತು. ಸೆಷನ್ ಮುಗಿದಿದ್ದರೆ ಕಾದು ಪ್ರಯೋಜನವಿಲ್ಲ, ಹಳೇ ಟೋಕನ್ನನ್ನು ಎಷ್ಟು ಸಲ ತೋರಿಸಿದರೂ ಅದು ಹಳತೇ. ಮೊದಲು ಲಾಗಿನ್ ಪುಟವನ್ನು ಹೊಸದಾಗಿ ತರಬೇಕು. ಏಕೆಂದರೆ ಅನೇಕ ತಾಣಗಳು ಆ ಫಾರ್ಮಿನೊಳಗೆ ಒಂದು ಗುಪ್ತ ಸಂಖ್ಯೆ ಇಟ್ಟಿರುತ್ತವೆ, ಹಿಂದಿನದು ನಡೆಯುವುದಿಲ್ಲ. ಲಾಗಿನ್ ಆದ ಮೇಲೆ ನಿಂತುಹೋದ ಪುಟವನ್ನೇ ಮತ್ತೆ ಕೇಳಬೇಕು. ಒಂದೇ ಒಂದು ಸಲ. ಹೊಸ ಟೋಕನ್ ಹಿಡಿದು ಹೋದರೂ ಲಾಗಿನ್ ಪುಟವೇ ಬಂದರೆ ಕಾರಣ ಬೇರೆ ಇದೆ. ಪಾಸ್‌ವರ್ಡ್ ಬದಲಾಗಿರಬಹುದು, ಖಾತೆ ತಡೆದಿರಬಹುದು. ಆಗ ನಿಲ್ಲಿಸಿ ಮನುಷ್ಯರನ್ನು ಕರೆಯಬೇಕು. ತಪ್ಪು ಪಾಸ್‌ವರ್ಡನ್ನು ರಾತ್ರಿಯಿಡೀ ಒತ್ತುವ ಪ್ರೋಗ್ರಾಮ್ ಖಾತೆಯನ್ನೇ ಮುಚ್ಚಿಸುತ್ತದೆ. ಸ್ಕ್ರೇಪಿಂಗ್‌ಗೆಂದೇ ಇರುವ ಸ್ಕ್ರೇಪಿ ಎಂಬ ಪೈಥಾನ್ ಸಾಧನ ಬಳಸುವವರಿಗೆ ಒಂದು ಮಾತು: ಒಮ್ಮೆ ಕೇಳಿದ ವಿಳಾಸವನ್ನು ಅದು ಎರಡನೇ ಸಲ ಕೇಳದೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮರುಪ್ರಯತ್ನಕ್ಕೆ ‘ಡೋಂಟ್ ಫಿಲ್ಟರ್’ ಆಯ್ಕೆ ಹಾಕಲೇಬೇಕು.

ಇದೆಲ್ಲ ಪುಟ ಓದುವ ಕೆಲಸಕ್ಕೆ ಸರಿ. ಹಣ ಕಟ್ಟುವ, ಅರ್ಜಿ ಸಲ್ಲಿಸುವ ಕೋರಿಕೆಯನ್ನು ಹೀಗೆ ಕಣ್ಣುಮುಚ್ಚಿ ಮತ್ತೆ ಕಳಿಸಬೇಡಿ. ಎರಡು ಸಲ ಕಟ್ಟಿದಂತಾಗಬಹುದು.

ಒಂದೇ ಹೊತ್ತಿಗೆ ಹತ್ತು ಪುಟ ತರುವ ಪ್ರೋಗ್ರಾಮ್ ಆದರೆ ಇನ್ನೊಂದು ತೊಡಕು. ಪುಟ ತರುವ ಅದರ ಹತ್ತು ಭಾಗಗಳಿಗೆ, ಅಂದರೆ ಹತ್ತು ಕೆಲಸಗಾರರಿಗೂ ಒಟ್ಟಿಗೇ ಸೆಷನ್ ಮುಗಿದದ್ದು ತಿಳಿಯುತ್ತದೆ. ಹತ್ತೂ ಜನ ಲಾಗಿನ್‌ಗೆ ಓಡುತ್ತಾರೆ. ಒಂದು ಖಾತೆಗೆ ಒಂದೇ ಸೆಷನ್ ಎನ್ನುವ ತಾಣವಾದರೆ ಎರಡನೆಯವರು ಒಳಗೆ ಬಂದ ಕೂಡಲೇ ಮೊದಲನೆಯವರು ಹೊರಗೆ. ಅವರು ಮತ್ತೆ ಒಳಗೆ ಬಂದರೆ ಇವರು ಹೊರಗೆ. ಇದಕ್ಕೆ ಒಂದು ಬೀಗ ಸಾಕು. ಬೀಗ ಸಿಕ್ಕವರು ಮಾತ್ರ ಲಾಗಿನ್ ಮಾಡಬೇಕು. ಉಳಿದವರು ಕಾದು, ತಮ್ಮ ಸರದಿ ಬಂದಾಗ ‘ಟೋಕನ್ ಆಗಲೇ ಬದಲಾಗಿದೆಯಾ’ ಎಂದು ನೋಡಿ, ಬದಲಾಗಿದ್ದರೆ ಅದನ್ನೇ ಹಿಡಿದು ಹೊರಡಬೇಕು.

ಕಾಯುವ ಲೆಕ್ಕವೂ ಇದೆ. 1970ರ ದಶಕದ ಆರಂಭದಲ್ಲಿ ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್ ರೇಡಿಯೋ ಮೂಲಕ ದ್ವೀಪಗಳ ಕಂಪ್ಯೂಟರುಗಳನ್ನು ಜೋಡಿಸಿತು. ಇಬ್ಬರು ಒಟ್ಟಿಗೆ ಮಾತಾಡಿ ಸಂದೇಶ ಕೆಟ್ಟರೆ, ಒಬ್ಬೊಬ್ಬರೂ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳಿಸಬೇಕಿತ್ತು. ಅದರಿಂದ ಕಲಿತ ಈಥರ್ನೆಟ್, ಅಂದರೆ ತಂತಿಯ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ ಪದ್ಧತಿ, ಆ ಹೊತ್ತಿನ ಮಿತಿಯನ್ನು ಒಂದು ಹಂತದವರೆಗೆ ಪ್ರತಿ ಸೋಲಿಗೂ ದುಪ್ಪಟ್ಟು ಮಾಡುತ್ತಾ ಹೋಯಿತು, 16 ಪ್ರಯತ್ನಕ್ಕೆ ಕೈಬಿಟ್ಟಿತು. ಇಂದಿನ ಸ್ಕ್ರೇಪಿಂಗ್ ಕೋಡಿನಲ್ಲೂ ಅದೇ ಲೆಕ್ಕ: 2 ಸೆಕೆಂಡು, 4, 8, ಜೊತೆಗೆ ಒಂದಿಷ್ಟು ಏರುಪೇರು. ಸರ್ವರ್ 429 ಎಂದರೆ ನೀವು ಜಾಸ್ತಿ ಕೇಳುತ್ತಿದ್ದೀರಿ ಎಂದರ್ಥ. ಎಷ್ಟು ಕಾಯಬೇಕೆಂದು ಅದೇ ಕೆಲವೊಮ್ಮೆ ತಿಳಿಸುತ್ತದೆ. ಅದನ್ನು ಪಾಲಿಸಬೇಕು.

ಮಾರನೇ ರಾತ್ರಿ ಮತ್ತೆ ಓಡಿಸಿದೆ. ಬೆಳಿಗ್ಗೆ ಲಾಗ್ ಫೈಲಿನಲ್ಲಿ ಗಂಟೆಗೊಂದು ಸಾಲು ಇತ್ತು: ಸೆಷನ್ ಮುಗಿಯಿತು, ಮತ್ತೆ ಲಾಗಿನ್ ಆಯಿತು, ಅದೇ ಪುಟದಿಂದ ಮುಂದುವರಿದಿದೆ. ನಾಲ್ಕು ಸಾಲು. ಫೋಲ್ಡರಿನಲ್ಲಿ 11 ಕೆಬಿಯ ಫೈಲು ಒಂದೂ ಇರಲಿಲ್ಲ.